ಬಾಗಿಲ ಮೇಲಿನ ಪೆನ್ಸಿಲ್ ಗೆರೆ

ಮಾರ್ಚ್ ೪, ಸೋಮವಾರ

ಇಲ್ಲ ಅಕ್ಕ, ನಾನು ಅವನ ಜೊತೆ ಕೂರಲ್ಲ. ಇನ್ನೂ ಹತ್ತು ಸಲ ಕೇಳಿ, ಇದೇ ಉತ್ತರ. ನಿಮ್ಮ ಮುಖ ನೋಡ್ಕೊಂಡು ಹೇಳೋಕಾಗದೆ "ನೋಡ್ತೀನಿ" ಅಂದು ನಿಮ್ಮ ಮಾತುಕತೆ ಕೇಂದ್ರದ ಮೆಟ್ಟಿಲಿಳಿದು ಬಂದೆ. ಇಲ್ಲಿ ಹೇಳ್ತೀನಿ ಕೇಳಿ. ಹೊಡೆದೋನು ಅವನು, ಹೊಲಿಗೆ ಹಾಕಿಸ್ಕೊಂಡೋನು ನಾನು. ಇಬ್ರಿಗೂ ಒಂದೇ ಥರದ ಕುರ್ಚಿ ಯಾಕೆ? ಇದು ರಾಜಿ ಅಲ್ಲ ಅಂತೀರಿ. ಕ್ಷಮಿಸು ಅಂತ ಯಾರೂ ಬಲವಂತ ಮಾಡಲ್ಲ ಅಂತೀರಿ. ಮತ್ತಿನ್ನೇನು? ದುಂಡಗೆ ಕೂತು ಒಬ್ಬರ ಮುಖ ಒಬ್ಬರು ನೋಡೋಕೆ ನಾವೇನು ಫೋಟೋ ತೆಗೆಸ್ಕೊಳ್ಳೋಕೆ ಬಂದಿದ್ದೀವಾ?

ಜಗಳ ಯಾವುದಕ್ಕೆ ಶುರುವಾಯ್ತು ಅಂತ ನೀವು ಎರಡು ಬೀದಿಯವರನ್ನೂ ಕೇಳಿದ್ರಲ್ಲ, ಯಾರಾದ್ರೂ ಸರಿಯಾಗಿ ಹೇಳಿದ್ರಾ? ಯಾರಿಗೂ ನೆನಪಿಲ್ಲ. ಮೇಲಿನ ಬೀದಿ, ಕೆಳಗಿನ ಬೀದಿ, ಮಧ್ಯೆ ಮೈದಾನ, ಅಷ್ಟೇ ಕಾರಣ. ಅವನು ಕೆಳಗಿನ ಬೀದಿಯವನು, ನಾನು ಮೇಲಿನ ಬೀದಿಯವನು, ಇಬ್ರೂ ಒಂದೇ ಮರಗೆಲಸದ ಅಂಗಡೀಲಿ ಕಲಿತೋರು. ನಮಗೆ ಬೀದಿ ಲೆಕ್ಕ ಇರ್ಲಿಲ್ಲ. ಆವತ್ತು ಅವನು ಗುಂಪಿನ ನಡುವೆ ಸಿಕ್ಕಾಕ್ಕೊಂಡಿದ್ದ, ಅಂಗಡಿಯಿಂದ ಬಂದ ಹಾಗೇ ಕೈಯಲ್ಲಿ ಉಳಿ ಹಿಡಿದಿದ್ದ. ಅಂಗಿ ಹಿಡಿದು ಈಚೆ ಎಳೆಯೋಣ ಅಂತ ಹೋದೆ. ತಿರುಗಿದ, ಬೀಸಿದ. ನೋಡಿ ಬೀಸಿದನೋ ನೋಡದೆ ಬೀಸಿದನೋ ಅವನಿಗೇ ಗೊತ್ತು. ಬಲಗೈ ಅಡ್ಡ ಇಟ್ಟೆ. ಉಂಗುರದ ಬೆರಳು, ಕಿರುಬೆರಳು, ಎರಡರ ನರವೂ ಹೋಯ್ತು. ಹೊಲಿದಿದ್ದಾರೆ. ಮಡಚೋಕೆ ಬರಲ್ಲ.

ಆಮೇಲೆ ಒಂದು ಸಲ ಬಂದನಾ ಅವನು? ಆಸ್ಪತ್ರೆಗೆ? ಮನೆಗೆ? ಬಾಗಿಲಲ್ಲಿ ನಿಂತು "ಹೇಗಿದ್ದೀಯೋ" ಅಂದನಾ? ಮೊದಲು ಅವನು ಬರ್ಲಿ. ಆಮೇಲೆ ನಿಮ್ಮ ಕುರ್ಚಿ, ನಿಮ್ಮ ದುಂಡು.

ಈ ತಿಂಗಳೊಳಗೆ ನಾನು ಹ್ಞೂಂ ಅನ್ನಬೇಕಂತೆ. ಇಲ್ಲಾಂದ್ರೆ ಕೇಸು ವಾಪಸ್ ಕೋರ್ಟಿಗೆ, ಅಲ್ಲಿಂದ ಅವನು ಒಳಗೆ. ಇದಿಷ್ಟು ಕಿವಿಗೆ ಬಿತ್ತು. ಅಕ್ಕ ಇನ್ನೂ ಏನೇನೋ ನಿಯಮ ಓದಿದ್ರು, ಒಪ್ಪೋವರೆಗೂ ಹಾಗೆ, ಒಪ್ಪಿದ ಮೇಲೆ ಹೀಗೆ ಅಂತ. ನಾನು ಕೇಳಿಸ್ಕೊಳ್ಳಲಿಲ್ಲ. ಆ ಕೇಂದ್ರ ಇರೋದೇ ಇಸ್ತ್ರಿ ಅಂಗಡಿ ಮೇಲೆ, ನೆಲವೆಲ್ಲ ಬಿಸಿ. ಒಂದೊಂದೇ ಪಾದ ಎತ್ತಿ ಎತ್ತಿ ಇಡ್ತಾ ಕೂತಿದ್ದೆ.

ದಿನಾ ಒಂದು ಪುಟ ಇದೇ ಕೈಯಲ್ಲಿ ಬರೀಬೇಕು ಅಂತ ಆಸ್ಪತ್ರೆಯ ಕೈ ವ್ಯಾಯಾಮದ ಮೇಡಂ ಹೇಳಿದ್ದಾರೆ. ಏನು ಬರೀಲಿ ಅಂದೆ. ಯಾರ ಜೊತೆ ಜಗಳ ಆಡ್ಬೇಕು ಅನ್ಸುತ್ತೋ ಅವರ ಜೊತೆ ಆಡು ಅಂದ್ರು. ಹತ್ತನೇ ಕ್ಲಾಸ್ ಆದ್ಮೇಲೆ ನಾನು ಬರೆಯೋದು ಅಂತ ಕೈಗೆ ತಗೊಂಡಿದ್ದು ಕಿವಿ ಮೇಲಿನ ಪೆನ್ಸಿಲ್ ಒಂದೇ. ಅಕ್ಷರ ನೋಡಿದ್ರೆ ಇರುವೆ ಮಸಿಯಲ್ಲಿ ಬಿದ್ದು ಎದ್ದು ಓಡಿದ ಹಾಗಿದೆ. ಇರ್ಲಿ. ಅವನ ಹೆಸರು ಮಾತ್ರ ಇದರಲ್ಲಿ ಬರೆಯಲ್ಲ.

ಮಾರ್ಚ್ ೫, ಮಂಗಳವಾರ

ನಮ್ಮ ಬಾಗಿಲು ಹಾಕೋಕೆ ಬರಲ್ಲ. ಕೆಳಗೆ ನೆಲಕ್ಕೆ ಉಜ್ಜಿ ಅರ್ಧಕ್ಕೇ ನಿಲ್ಲುತ್ತೆ. ಅಮ್ಮ ಚಿಲಕಕ್ಕೆ ಹಗ್ಗ ಕಟ್ಟಿ ಕಿಟಕಿ ಸರಳಿಗೆ ಬಿಗಿದು, ಮಲಗೋವಾಗ ನೀರಿನ ಡ್ರಮ್ ಅಡ್ಡ ಎಳೀತಾಳೆ. ಮರಗೆಲಸದವನ ಮನೆ ಬಾಗಿಲು ನೋಡು ಅಂತ ಪಕ್ಕದ ಮನೆಯವರು ನಕ್ಕಿದ್ದೂ ಆಯ್ತು.

ಅದರ ಕೆಳಗಡೆ ಪೆನ್ಸಿಲಲ್ಲಿ ಒಂದು ಗೆರೆ ಇದೆ, ಪಕ್ಕದಲ್ಲಿ ಬಾಣದ ಗುರುತು, "ಇಲ್ಲೀವರೆಗೆ" ಅಂತ. ಜಗಳದ ಹಿಂದಿನ ದಿನ ಅವನು ಹೊಟ್ಟೆ ಮೇಲೆ ಮಲಗಿ, ಕೆನ್ನೆ ನೆಲಕ್ಕೆ ಒತ್ತಿ, ಅಳತೆ ಹಿಡಿದು ಎಳೆದಿದ್ದು. ಭಾನುವಾರ ಬಾಗಿಲು ಬಿಚ್ಚಿ ಕೀಸಿ ಹಾಕೋಣ ಅಂದಿದ್ದ. ಗೆರೆ ಡೊಂಕಾಗಿದೆ. ಒಂದು ಗೆರೆ ನೆಟ್ಟಗೆ ಎಳೆಯೋಕೆ ಬರಲ್ಲ ಅವನಿಗೆ.

ಅಂಗಡಿ ಮೇಸ್ತ್ರಿ ಬಂದು ಮಾಡ್ಕೊಡ್ತೀನಿ ಅಂದ್ರು. ಬೇಡ, ನಾನೇ ಮಾಡ್ತೀನಿ ಅಂದೆ. ಅಮ್ಮ ನನ್ನ ಕೈ ನೋಡಿದ್ಳು.

ಮಾರ್ಚ್ ೭, ಗುರುವಾರ

ನಾವು ಗಡಿಯಾರ ಅಂತ ಕರೆಯೋನು ಬಂದಿದ್ದ, ಜೊತೆಗೆ ನಮ್ಮ ಬೀದಿಯ ಇನ್ನಿಬ್ರು. ಅವನ ಕೈಗಡಿಯಾರ ನಿಂತು ಯಾವ ಕಾಲ ಆಯ್ತೋ, ಆದ್ರೂ ಮಾತು ಮಾತಿಗೆ ಅದನ್ನ ನೋಡ್ತಾನೆ, ಎಲ್ಲೋ ದೊಡ್ಡ ಕೆಲಸ ಇರೋನ ಹಾಗೆ. ಬಾಳೆಹಣ್ಣು ತಂದಿದ್ರು, ಅವರೇ ತಿಂದ್ರು. ಬೀದಿ ಮರ್ಯಾದೆ ಪ್ರಶ್ನೆ ಅಂದ. ನಿನ್ನ ಕೈ ಅಂದ್ರೆ ನಮ್ಮೆಲ್ಲರ ಕೈ ಅಂದ. ಆಸ್ಪತ್ರೆಯಲ್ಲಿ ಹೊಲಿಗೆ ಹಾಕೋವಾಗ ನಮ್ಮೆಲ್ಲರ ಕೈ ಎಲ್ಲಿತ್ತು ಅಂತ ಕೇಳಬೇಕು ಅನ್ನಿಸ್ತು, ಕೇಳಲಿಲ್ಲ. ಹೋಗೋವಾಗ ಭುಜ ತಟ್ಟಿ ಹೇಳಿದ.

"ಒಂದು ಮಾತು ಹೇಳು ಸಾಕು ಮಗಾ. ಮಿಕ್ಕಿದ್ದು ನಾವು ನೋಡ್ಕೋತೀವಿ."

ನಾನು ಹ್ಞೂಂ ಅನ್ನಲೂ ಇಲ್ಲ, ಊಹೂಂ ಅನ್ನಲೂ ಇಲ್ಲ. ನಿಜ ಹೇಳಬೇಕಂದ್ರೆ ಕೇಳೋಕೆ ಹಿತವಾಗಿತ್ತು. ಹೊಡೆದೋನಿಗೂ ಒಂದು ದಿನ ಅಂಗಿ ಗುಂಡಿ ಹಾಕೋಕೆ ಬರದೆ ಅಮ್ಮನ ಮುಂದೆ ನಿಲ್ಲೋ ಹಾಗಾಗಲಿ.

ಅವರು ಹೋದ ಮೇಲೆ ಅಮ್ಮ ಸಿಪ್ಪೆ ಆರಿಸ್ತಾ ಅಂದ್ಳು, ಉಗುರಲ್ಲಿ ಹೋಗೋದಕ್ಕೆ ಕೊಡಲಿ ತಗೊಳ್ಳೋ ಜನ ಇವರು, ದೂರ ಇಡು. ನಿನ್ನ ಜೊತೆಗಾರ ಚಿಕ್ಕವನು, ಹೊಟ್ಟೆಗೆ ಹಾಕ್ಕೋ ಅಂದ್ಳು. ನನಗಿಂತ ಒಂದೇ ವರ್ಷ ಚಿಕ್ಕವನು. ನನ್ನ ಹೊಟ್ಟೆ ಏನು ಗೋಡೌನಾ ಅಂದೆ. ಅವಳು ನಗಲಿಲ್ಲ.

ಮಾರ್ಚ್ ೧೧, ಸೋಮವಾರ

ಮನೇಲಿ ಕೂತು ಕೂತು ಗೋಡೆ ಎಣಿಸೋ ಹಾಗಾಗಿತ್ತು. ಕಾಲಿಗೆ ಚಕ್ರ ಕಟ್ಕೊಂಡು ಹುಟ್ಟಿದೋನು ಅಂತ ಅಮ್ಮ ಯಾವಾಗಲೂ ಅಂತಿರ್ತಾಳೆ. ಇವತ್ತು ಅಂಗಡಿಗೆ ಹೋದೆ. ಮೇಸ್ತ್ರಿ ಬೈತಾರೆ ಅಂದ್ಕೊಂಡಿದ್ದೆ. ಉಪ್ಪುಕಾಗದ ಕೈಗೆ ಕೊಟ್ಟು ಒಂದು ಕುರ್ಚಿ ಕಾಲು ತೋರಿಸಿದ್ರು. ಎಡಗೈಯಲ್ಲಿ ಉಜ್ಜಿದೆ. ಮಗು ಗೋಡೆ ಸವರಿದ ಹಾಗೆ.

ಅಂಗಡಿ ಹಾಗೇ ಇದೆ. ಇಬ್ರು ಹಿಡಿಯೋ ದೊಡ್ಡ ಗರಗಸ ಮೊಳೆಗೆ ನೇತಾಡ್ತಿದೆ, ಹಲ್ಲಿನ ಮಧ್ಯೆ ಜೇಡ ಮನೆ ಮಾಡಿದೆ. ಅವನ ಟೀ ಲೋಟ ಕಿಟಕೀಲಿ ಬೋರಲು ಬಿದ್ದಿದೆ. ಮಧ್ಯಾಹ್ನ ಒಂದು ಉದ್ದ ಹಲಗೆ ಎತ್ತಿ ಮೇಜಿನ ಮೇಲೆ ಇಡಬೇಕಿತ್ತು. ಮೇಸ್ತ್ರಿ ಅಭ್ಯಾಸಬಲದಲ್ಲಿ "ಲೋ ಚಕ್ಕೆ, ಬಾರೋ ಇಲ್ಲಿ" ಅಂದುಬಿಟ್ರು. ಅಂದಮೇಲೆ ಕಿಟಕಿಯ ಲೋಟದ ಕಡೆ ನೋಡಿದ್ರು. ಮರ ಕೆತ್ತುವಾಗ ಹಾರೋ ಚಕ್ಕೆ ಇದೆಯಲ್ಲ, ಹಾಗೇ ತೆಳ್ಳಗೆ, ಎಲ್ಲಿ ಬೀಳ್ತಾನೋ ಗೊತ್ತಾಗಲ್ಲ, ಅದಕ್ಕೇ ಆ ಹೆಸರು. ಇಟ್ಟೋನು ನಾನೇ.

ಬರೆದೇಬಿಟ್ಟೆ ಹೆಸರು. ಇರ್ಲಿ, ಹೊಡೆದು ಹಾಕಿದ್ರೆ ಪುಟ ಗಲೀಜಾಗುತ್ತೆ.

ಹಲಗೆಯ ಆ ತುದಿ ಮೇಸ್ತ್ರಿ ಹಿಡಿದ್ರು, ಈ ತುದಿ ನನ್ನ ಮೊಣಕೈ ಮೇಲೆ. ಒಂದು, ಎರಡು, ಮೂರು ಅಂತ ಎಣಿಸಿದ್ರು. ನಾನು ಎರಡಕ್ಕೇ ಎತ್ತಿದೆ. ಹಲಗೆ ಜಾರಿ ಮೇಸ್ತ್ರಿ ಹೆಬ್ಬೆರಳ ಮೇಲೆ ಬೀಳೋದು ಸ್ವಲ್ಪದರಲ್ಲಿ ತಪ್ಪಿತು. ನಾವಿಬ್ರೂ ಯಾವತ್ತೂ ಎಣಿಸಿದೋರಲ್ಲ. ಆ ತುದೀಲಿ ಅವನು ಉಸಿರು ಎಳ್ಕೊಳ್ಳೋದು ಕೇಳ್ತಿತ್ತು, ಹೆಗಲು ಮೇಲೆ ಹೋಗ್ತಿತ್ತು, ಈ ತುದಿ ತಾನೇ ಎದ್ದಿರ್ತಿತ್ತು.

ಬೇರೆ ಹುಡುಗನ್ನ ಯಾಕೆ ಇಟ್ಕೊಂಡಿಲ್ಲ ಅಂತ ಕೇಳಿದೆ. ಇಬ್ಬರ ಜಾಗ ಖಾಲಿ ಇಲ್ವಲ್ಲೋ ಅಂದ್ರು ಮೇಸ್ತ್ರಿ. ಒಗಟು ಬಿಡಿಸೋ ತಾಳ್ಮೆ ನನಗಿಲ್ಲ.

ಮಾರ್ಚ್ ೧೨, ಮಂಗಳವಾರ

ನೋಡಿದೆ ಅವನನ್ನ. ಸಂಜೆ ಅಂಗಡಿಯಿಂದ ಬರ್ತಿದ್ದೆ. ನಮ್ಮ ಬೀದಿ ಶುರುವಾಗೋ ಕಡೆ ನೀರಿನ ಟ್ಯಾಂಕ್ ಇದೆಯಲ್ಲ, ಅದರ ಕಂಬಕ್ಕೆ ಒರಗಿ ನಿಂತಿದ್ದ. ನನ್ನನ್ನ ನೋಡಿದ. ಚೆನ್ನಾಗಿ ನೋಡಿದ, ಕಣ್ಣಿಗೆ ಕಣ್ಣು. ಒಂದು ಹೆಜ್ಜೆ ಮುಂದಿಟ್ಟ ಹಾಗೆ ಕಂಡಿತು. ನಾನು ನಿಂತೆ. ತಿರುಗಿ ಹೊರಟೇಹೋದ. ಓಡಲಿಲ್ಲ, ನಡ್ಕೊಂಡೇ ಹೋದ.

ಇಷ್ಟು ಸೊಕ್ಕು. ಇಷ್ಟು.

ಅಕ್ಕ, ನಿಮ್ಮ ಕುರ್ಚಿ ಮಡಚಿ ಇಡಿ.

ಮಾರ್ಚ್ ೧೫, ಶುಕ್ರವಾರ

ಆಗಲ್ಲ ಅಂತ ಹೇಳಿಬರೋಕೆ ಅಂತಲೇ ಕೇಂದ್ರಕ್ಕೆ ಹೋದೆ. ಅಕ್ಕ ಇರ್ಲಿಲ್ಲ, ಮೈದಾನಕ್ಕೆ ಹೋಗಿದ್ರು. ಜಗಳ ಆದಾಗಿಂದ ಸಂಜೆ ಹೊತ್ತು ಹೋಗಿ ಮೈದಾನದ ಕಟ್ಟೆ ಮೇಲೆ ಸುಮ್ನೆ ಕೂರ್ತಾರಂತೆ. ಬುದ್ಧಿ ಹೇಳಲ್ಲ, ಏನಿಲ್ಲ, ಹುಡುಗರ ಹೆಸರು ಕಲೀತಾರೆ. ತಮ್ಮ ಹೆಸರು ಗೊತ್ತಿರೋ ಹೆಂಗಸಿನ ಎದುರಿಗೆ ಕಲ್ಲೆತ್ತೋಕೆ ಯಾರಿಗೂ ಕೈ ಬರಲ್ಲ.

ಬಂದ್ರು. ಆಗಲ್ಲ ಅಂದೆ. ಸರಿ ಅಂದ್ರು. ಅಷ್ಟು ಬೇಗ ಸರಿ ಅಂದಿದ್ದಕ್ಕೆ ನನಗೆ ಕೋಪ ಬಂತು. ಆಮೇಲೆ, ಹೇಗೂ ಬಂದಿದ್ದೀಯ, ಕುರ್ಚಿ ಹಾಕಿ ನೋಡು ಅಂದ್ರು. ಅವರಲ್ಲಿ ಅದೊಂದು ಪದ್ಧತಿ. ದುಂಡಗೆ ಕೂರೋ ಮುಂಚೆ ಪೆಟ್ಟು ತಿಂದೋನೇ ಬಂದು ಕುರ್ಚಿ ಹಾಕಬೇಕು. ಯಾರು ಎಲ್ಲಿ, ಎಷ್ಟು ದೂರ, ಬಾಗಿಲ ಹತ್ರ ಯಾರು, ಎಲ್ಲ ಅವನ ಇಷ್ಟ. ಉಳಿದೋರು ಸರಿಸೋ ಹಾಗಿಲ್ಲ. ಬೇಡ ಅನ್ನೋದನ್ನೂ ಜಾಗ ನೋಡಿ ಹೇಳಿದ್ರೆ ಗಟ್ಟಿ ಇರುತ್ತೆ ಅಂದ್ರು.

ಆರು ಕುರ್ಚಿ. ನಾನು, ಅಮ್ಮ, ಅವನು, ಅವನನ್ನ ಸಾಕಿದ ಅವನ ಅಜ್ಜಿ, ಮೇಸ್ತ್ರಿ, ಅಕ್ಕ. ಒಂದು ಕೈಯಲ್ಲಿ ಎಳೆದು ಎಳೆದು ಹಾಕಿದೆ. ಬಾಗಿಲ ಹತ್ರದ್ದು ನನಗೆ, ಎದ್ದು ಹೋಗ್ಬೇಕು ಅನ್ಸಿದ್ರೆ ಅಡ್ಡ ಯಾರೂ ಇರಬಾರದು. ಅವನದ್ದು ಎಲ್ಲಕ್ಕಿಂತ ದೂರ, ಕಿಟಕಿ ಪಕ್ಕ, ಬಿಸಿಲು ಮುಖಕ್ಕೆ ಹೊಡೆಯೋ ಕಡೆ. ಆರರಲ್ಲಿ ಒಂದು ಕುರ್ಚಿ ಕಾಲು ಸಡಿಲ, ಕೂತ್ರೆ ತೂಗುತ್ತೆ. ಅದನ್ನ ಆರಿಸಿ ಅವನಿಗೇ ಹಾಕಿದೆ. ಅಕ್ಕ ನೋಡ್ತಿದ್ರು, ಕುರ್ಚಿ ವಿಷ್ಯ ಅವರಿಗೆ ಗೊತ್ತಿತ್ತು ಅನ್ಸುತ್ತೆ.

ಕೊನೆಗೆ ಕೇಳಿದ್ರು, "ನಿನಗೇನು ಬೇಕು?"

"ಅವನ ಎರಡು ಬೆರಳು" ಅಂದೆ.

"ತಗೊಂಡು?"

ಬೇರೆಯೋನ ಎರಡು ಬೆರಳು ಜೇಬಲ್ಲಿ ಇಟ್ಕೊಂಡು ಬಸ್ ಹತ್ತೋದು ಕಣ್ಮುಂದೆ ಬಂತು. ಕಂಡಕ್ಟರ್ ಚಿಲ್ಲರೆ ಕೇಳೋದು. ನಗು ಬಂದುಬಿಡ್ತು. ಅಕ್ಕನೂ ನಕ್ರು. ಇದನ್ನ ಚಕ್ಕೆಗೆ ಹೇಳಿದ್ರೆ ನೆಲದ ಮೇಲೆ ಉರುಳಾಡ್ತಾನೆ ಅಂದ್ಕೊಂಡೆ. ಅಂದ್ಕೊಂಡ ಮೇಲೆ ನಗು ಎಲ್ಲಿಗೆ ಹೋಯ್ತೋ.

ಇನ್ನೊಂದು ಬೇಕಿತ್ತು. ಅದನ್ನ ಅಕ್ಕನಿಗೆ ಹೇಳಲಿಲ್ಲ. ತಿರುಗಿ ಬೀಸಿದ್ಯಲ್ಲ, ಅದು ನಾನು ಅಂತ ಗೊತ್ತಿತ್ತಾ? ಇಷ್ಟೇ. ಇದಕ್ಕೆ ಅವನೊಬ್ಬನೇ ಉತ್ತರ ಹೇಳೋಕಾಗೋದು.

ಮಾರ್ಚ್ ೧೯, ಮಂಗಳವಾರ

ಕಿರುಬೆರಳು ಅಲ್ಲಾಡಿತು. ಮಡಚಲಿಲ್ಲ, ನಿದ್ದೇಲಿರೋ ಬೆಕ್ಕಿನ ಕಿವಿ ಥರ ಒಂದು ಸಲ ಸಣ್ಣಗೆ. ಮೇಡಂ ಬೆನ್ನು ತಟ್ಟಿದ್ರು.

ಆಸ್ಪತ್ರೆ ಮೆಟ್ಟಿಲು ಎರಡೆರಡು ಹಾರಿ ಇಳಿದು ಬಲಕ್ಕೆ ತಿರುಗಿದೆ. ಬಲಕ್ಕೆ ಹೋದ್ರೆ ಕೆಳಗಿನ ಬೀದಿ. ನಮ್ಮನೆ ಎಡಕ್ಕೆ. ಮೂಲೆ ಅಂಗಡೀವರೆಗೂ ಹೋದ ಮೇಲೆ ಗೊತ್ತಾಯ್ತು.

ವಾಪಸ್ ಬಂದೆ. ಅಮ್ಮನಿಗೆ ಹೇಳಿದೆ, ಅತ್ತಳು. ಅದೇನೋ ಪೂರ್ತಿ ಹೇಳಿದ ಹಾಗೇ ಆಗ್ಲಿಲ್ಲ.

ಮಾರ್ಚ್ ೨೦, ಬುಧವಾರ

ನಿಧಾನಕ್ಕೆ ಬರೀತೀನಿ.

ಗಡಿಯಾರ ಅಂಗಡಿ ಹತ್ರವೇ ಬಂದ. ಹೊರಗೆ ಕರೆದು, ನೀನಂತೂ ಬಾಯಿ ಬಿಡಲ್ಲ, ಅದಕ್ಕೆ ನಾವೇ ತೀರ್ಮಾನ ಮಾಡಿದ್ದೀವಿ ಅಂದ. ಶನಿವಾರ ಸಂಜೆ ಅವನಿಗೆ ಏಟು. ತುಂಬ ಸುಲಭ ಅಂದ, ಆ ಚಕ್ಕೆ ದಿನಾ ಅದೇ ಹೊತ್ತಿಗೆ ಬಂದು ಟ್ಯಾಂಕ್ ಕೆಳಗೆ ಒಬ್ಬನೇ ನಿಲ್ತಾನೆ.

ದಿನಾನಾ ಅಂದೆ.

ದಿನಾ, ದೀಪ ಹತ್ತೋವರೆಗೂ ಅಂದ. ಕೊಕ್ಕರೆ ಥರ ಒಂದೇ ಕಾಲ ಮೇಲೆ.

ಯಾಕೆ ಅಂದೆ. ಗಡಿಯಾರ ನನ್ನನ್ನ ಹುಚ್ಚನ್ನ ನೋಡೋ ಹಾಗೆ ನೋಡಿದ.

"ಅದರಿಂದ ಈಚೆ ಬರೋ ಹಾಗಿಲ್ವಲ್ಲೋ ಅವನು. ಕೋರ್ಟಿನವರದ್ದು ಕಟ್ಟಪ್ಪಣೆ. ನೀನು ಒಪ್ಪೋವರೆಗೂ ನಮ್ಮ ಬೀದಿಗೆ ಕಾಲಿಡಬಾರದು, ನಿನ್ನ ಹತ್ರ ಸುಳಿಯಬಾರದು, ಮಾತಾಡಬಾರದು. ತಪ್ಪಿದ್ರೆ ಆವತ್ತೇ ಒಳಗೆ. ನಿನಗೇ ಗೊತ್ತಿಲ್ವಾ?"

ನನಗೇ ಗೊತ್ತಿರ್ಲಿಲ್ಲ. ಊರಿಗೆಲ್ಲ ಗೊತ್ತು.

ಅದಾದ್ಮೇಲೆ ಗಡಿಯಾರ ಯಾರ್ಯಾರು ಬರ್ತಾರೆ, ಯಾವ ಕಡೆಯಿಂದ ಬರ್ತಾರೆ ಅಂತ ಹೇಳ್ತಾನೇ ಇದ್ದ. ನನಗೆ ಕೇಳಿಸ್ತಿರ್ಲಿಲ್ಲ. ಆ ಒಂದು ಹೆಜ್ಜೆ ಕಾಣ್ತಿತ್ತು, ಚಕ್ಕೆ ಮುಂದಿಟ್ಟು ಹಿಂದಕ್ಕೆ ತಗೊಂಡಿದ್ದು.

ನಾನು ಕೂಗಾಡಲಿಲ್ಲ. ಹೊಡೆಯೋಕಂತೂ ಕೈಯಿಲ್ಲ. ಇಷ್ಟು ಹೇಳಿದೆ, "ಹೋಗಿ. ಶನಿವಾರ ನಾನೂ ಅಲ್ಲೇ ಅವನ ಪಕ್ಕ ನಿಂತಿರ್ತೀನಿ. ಅಡ್ಡ ಹಿಡಿಯೋಕೆ ಇನ್ನೊಂದು ಕೈ ಇದೆ ನನ್ಹತ್ರ."

ಬೀದಿ ಮರ್ಯಾದೆ ಅಂತ ಶುರು ಮಾಡಿದ. ಇದು ನನ್ನ ಕೈ, ಬೀದಿ ಕೈಯಲ್ಲ ಅಂದೆ. ಗಡಿಯಾರ ತನ್ನ ಕೆಟ್ಟ ಗಡಿಯಾರ ನೋಡ್ಕೊಂಡ. ಹೊತ್ತಾಯ್ತು ಅಂದು ಹೋದ. ಒಳಗೆ ಬಂದ್ರೆ ಮೇಸ್ತ್ರಿ ಬಾಗಿಲ ಹಿಂದೆ ಸುತ್ತಿಗೆ ಹಿಡ್ಕೊಂಡು ನಿಂತಿದ್ರು. ಏನಿದು ಅಂದೆ. ಮೊಳೆ ಹೊಡೆಯೋಣ ಅಂತ ಅಂದ್ರು.

ಮಾರ್ಚ್ ೨೧, ಗುರುವಾರ

ಅಕ್ಕನನ್ನ ಕೇಳಿದೆ, ಈ ನಿಯಮ ನನಗ್ಯಾಕೆ ಹೇಳಲಿಲ್ಲ ಅಂತ. ಮೊದಲನೇ ದಿನವೇ ಹೇಳಿದೆ, ಎರಡು ಸಲ ಓದಿದೆ ಅಂದ್ರು. ನೀನು ಪಾದ ಎತ್ತಿ ಎತ್ತಿ ಇಡ್ತಿದ್ದೆ, ಕೇಳಿಸ್ಕೊಳ್ಳದೆ ತಲೆ ಆಡಿಸ್ತಿದ್ದೀಯ ಅಂತ ಅನ್ನಿಸಿತ್ತು, ಮೂರನೇ ಸಲ ಓದಿ ಹೇಳಬೇಕಿತ್ತು ನಾನು ಅಂದ್ರು. ಶನಿವಾರದ ವಿಷ್ಯನೂ ಹೇಳಿದೆ. ಅಕ್ಕ ಆಗಲೇ ಚಪ್ಪಲಿ ಮೆಟ್ಟಿ ಗಡಿಯಾರನ ಮನೆ ಕಡೆ ಹೊರಟ್ರು.

ಅಂದ್ರೆ ಅವನು ಬರ್ಲಿ ಅಂತ ನಾನಿಲ್ಲಿ ಹಟ ಹಿಡ್ಕೊಂಡು ಕೂತಿದ್ದೀನಿ, ನಾನು ಬಾ ಅನ್ನಲಿ ಅಂತ ಅವನಲ್ಲಿ ಕಂಬಕ್ಕೆ ಒರಗಿದ್ದಾನೆ. ಇಬ್ರೂ ಬಾಗಿಲ ಎರಡು ಕಡೆಯಿಂದ ತಳ್ಳಿದ ಹಾಗೆ. ಯಾವ ಬಾಗಿಲು ತೆಗೆಯುತ್ತೆ ಹಾಗೆ?

ಆದ್ರೂ ಒಪ್ಪಿಬಿಡಬೇಕಾ? ಬೆರಳು ಬೆರಳೇ ತಾನೇ. ಟ್ಯಾಂಕ್ ಕೆಳಗೆ ನಿಂತಿದ್ದಕ್ಕೆ ಬೆರಳು ಮಡಚುತ್ತಾ? ಹೋಗ್ಬೇಕು ಅನ್ಸುತ್ತೆ. ಹೋಗಿ ಎರಡು ಬಿಗೀಬೇಕು ಅನ್ಸುತ್ತೆ. ಬಿಗಿದು ಟೀ ಕುಡಿಯೋಕೆ ಕರ್ಕೊಂಡು ಹೋಗ್ಬೇಕು ಅನ್ಸುತ್ತೆ. ಯಾವುದು ಮೊದಲು ಅಂತ ಗೊತ್ತಾಗ್ತಿಲ್ಲ.

ಮಾರ್ಚ್ ೨೩, ಶನಿವಾರ

ಟ್ಯಾಂಕ್ ಹತ್ರ ಹೋಗಬೇಡ ಅಂತ ಅಕ್ಕ ಹೇಳಿದ್ರು. ನೀನು ಹೋದ್ರೂ ತಪ್ಪು ಅವನ ತಲೆಗೇ ಬರುತ್ತೆ, ಒಪ್ಪಿಗೆ ಬರೆದುಕೊಟ್ಟ ಮೇಲೇ ಎಲ್ಲ. ಅದಕ್ಕೆ ಹೋಗ್ಲಿಲ್ಲ. ಮನೆ ಮುಂದಿನ ಮೆಟ್ಟಿಲ ಮೇಲೆ ನಿಂತೆ. ಅಲ್ಲಿಂದ ಬೀದಿಯುದ್ದಕ್ಕೂ ನೋಡಿದ್ರೆ ಟ್ಯಾಂಕ್ ಕಾಣುತ್ತೆ.

ಬಂದ. ಗಡಿಯಾರನ ಕಡೆಯೋರು ಯಾರೂ ಬರ್ಲಿಲ್ಲ. ಅಕ್ಕ ಮಾತ್ರ ಟ್ಯಾಂಕಿನ ಆಚೆ ಪಕ್ಕ ಕಲ್ಲಿನ ಮೇಲೆ ಕೂತು ಏನೋ ಹೆಣೀತಿದ್ರು.

ಅವನು ಆ ತುದಿ, ನಾನು ಈ ತುದಿ. ಮಧ್ಯೆ ಪೂರ್ತಿ ಬೀದಿ. ಸೈಕಲ್ ಹೋದವು, ಒಂದು ಮಗು ಅಳ್ತಾ ಹೋಯ್ತು, ಯಾರದ್ದೋ ಮನೇಲಿ ಕುಕ್ಕರ್ ಕೂಗಿತು. ಅಷ್ಟು ದೂರದಿಂದ ಮುಖ ಕಾಣಲ್ಲ. ಸಣ್ಣಗಾಗಿದ್ದಾನೆ ಅನ್ನಿಸ್ತು, ಅವನು ಇನ್ನೂ ಸಣ್ಣಗಾಗೋಕೆ ಏನಿದೆ. ದೀಪ ಹತ್ತೋ ಹೊತ್ತಿಗೆ ಕಂಬ ಬಿಟ್ಟು ನೆಟ್ಟಗೆ ನಿಂತ. ಹೆಗಲು ಎರಡೂ ಮೇಲೆ ಹೋದವು, ಹಲಗೆ ಎತ್ತೋ ಮುಂಚೆ ಹೋಗ್ತಿದ್ವಲ್ಲ, ಹಾಗೆ. ಅಲ್ಲೇ ನಿಂತವು. ಇಲ್ಲಿ ನಾನೂ ಉಸಿರು ಎಳ್ಕೊಂಡಿದ್ದೆ, ಗೊತ್ತೇ ಆಗ್ಲಿಲ್ಲ. ಎತ್ತೋಕೆ ಏನೂ ಇರ್ಲಿಲ್ಲ.

ಲೋ, ಸರಿಯಾಗಿ ಊಟ ಮಾಡೋ. ಅಜ್ಜಿ ಬೈಯಲ್ವಾ ನಿನಗೆ?

ಮಾರ್ಚ್ ೨೫, ಸೋಮವಾರ

ಒಪ್ಪಿಗೆ ಅಂದೆ. ಸಹಿ ಹಾಕೋಕೆ ಎಡಗೈ ತಗೊಂಡಿದ್ದೆ, ಬಲಗೈಯಲ್ಲೇ ಹಾಕು ಅಂದ್ರು ಅಕ್ಕ, ಎಷ್ಟು ಹೊತ್ತಾದ್ರೂ ಪರವಾಗಿಲ್ಲ ಅಂತ. ಆಯ್ತು. ಶನಿವಾರ ಬೆಳಗ್ಗೆ ಕೂರೋದು. ಸಹಿ ಬಿದ್ರೂ ಅಲ್ಲೀವರೆಗೂ ನಿನ್ನ ಗೆರೆ ನೀನು ದಾಟೋ ಹಾಗಿಲ್ಲ ಕಣೋ, ಅಕ್ಕ ಖಡಕ್ಕಾಗಿ ಹೇಳಿದ್ದಾರೆ, ಮತ್ತೆ ಅವಸರ ಮಾಡ್ಬೇಡ.

ನಿನಗೇನು ಬೇಕು ಅಂತ ಅಕ್ಕ ಮತ್ತೆ ಕೇಳಿದ್ರು. ಈ ಸಲ ಹೇಳಿದೆ. ಅವನನ್ನ ಒಂದು ಕೇಳಬೇಕು, ಅಷ್ಟೇ ಅಂದೆ. ಏನು ಅಂತ ಅವರು ಕೇಳಲಿಲ್ಲ. ಅವನು ಹೇಳೋ ಉತ್ತರ ನಿನಗೆ ಇಷ್ಟ ಆಗದೇ ಇರ್ಬೋದು, ಅದಕ್ಕೂ ತಯಾರಿರು ಅಂದ್ರು.

ಹೊರಡೋ ಮುಂಚೆ ಕುರ್ಚಿ ಮತ್ತೆ ನೋಡಿದೆ, ನಾನು ಹಾಕಿದ ಹಾಗೇ ಇತ್ತು. ಕಿಟಕಿ ಪಕ್ಕದ್ದನ್ನ ಸ್ವಲ್ಪ ಈಚೆ ಎಳೆದೆ. ಬಿಸಿಲು ಕಣ್ಣಿಗೆ ಹೊಡೆದ್ರೆ ನಿನ್ನ ಕಣ್ಣು ನನಗೆ ಕಾಣಲ್ಲ. ಆ ತೂಗಾಡೋ ಕಾಲಿಗೆ ಜೇಬಲ್ಲಿದ್ದ ಒಂದು ಬೆಣೆ ಸಿಕ್ಕಿಸಿ ಬಡಿದೆ. ಅದು ಹಾಗೇ ಇದ್ರೆ ನೀನು ನನ್ನ ಮಾತು ಬಿಟ್ಟು ಕುರ್ಚಿ ಕಾಲೇ ನೋಡ್ತಾ ಕೂರ್ತೀಯ. ಗೊತ್ತಿಲ್ವಾ ನನಗೆ ನಿನ್ನ ಬುದ್ಧಿ.

ಮಾರ್ಚ್ ೨೮, ಗುರುವಾರ

ಬಾಗಿಲು ಬಿಚ್ಚಿದೆ. ಅಮ್ಮ ಕಾರ್ಖಾನೆಯಿಂದ ಬೇಗ ಬಂದಿದ್ಳು, ಇವತ್ತು ಸಮವಸ್ತ್ರ ಹೊಲಿಯೋ ಆರ್ಡರ್ ಮುಗೀತಂತೆ. ಕೀಲಿನ ಸ್ಕ್ರೂ ಎಡಗೈಯಲ್ಲಿ ತಿರುಗಿಸಿದೆ, ಅಮ್ಮ ಬಾಗಿಲನ್ನ ಅಪ್ಪಿಕೊಂಡು ನಿಂತಳು. ಮೂವತ್ತು ವರ್ಷ ಬಟ್ಟೆ ಹಿಡಿದ ಕೈಗೆ ಈ ಕೆಲಸ ಕೊಟ್ಯಲ್ಲೋ ಅಂತ ಬೈತಾನೇ ಇದ್ಳು. ಮಲಗಿಸಿ, ಮಂಡಿಯಲ್ಲಿ ಅದುಮಿ, ಕೀಸುಳಿ ಹಿಡಿದು ಕೀಸೋಕೆ ಶುರು ಮಾಡಿದೆ. ಎಡಗೈ ತಳ್ಳೋಕೆ, ಬಲಗೈಯ ಮೂರು ಬೆರಳು ದಾರಿ ತೋರಿಸೋಕೆ. ಮೊದಮೊದಲು ಕಚ್ಚಿ ಕಚ್ಚಿ ಬಂತು. ಆಮೇಲೆ ಒಂದು ಸುರುಳಿ ಉದ್ದಕ್ಕೆ ಬಂತು, ಹರೀದೆ. ಅಮ್ಮ ಅದನ್ನ ಬೆರಳಿಗೆ ಸುತ್ಕೊಂಡು ನೋಡಿದ್ಳು.

ನಿನ್ನ ಗೆರೆ ಡೊಂಕು ಅಂತ ಮೊದಲೇ ಅಂದ್ಕೊಂಡಿದ್ದೆ. ಅಳತೆಪಟ್ಟಿ ಇಟ್ಟು ನೆಟ್ಟಗೆ ಬೇರೆ ಗೆರೆ ಎಳೆಯೋಣ ಅಂತ ಪೆನ್ಸಿಲ್ ಕೂಡ ತಗೊಂಡೆ. ಅಮ್ಮ, ಅವನು ಮಲಗಿ ನೋಡಿ ಎಳೆದಿದ್ದಲ್ವಾ, ನೀನು ನಿಂತು ನೋಡ್ತಿದ್ದೀಯ ಅಂದ್ಳು. ಹೊಟ್ಟೆ ಮೇಲೆ ಮಲಗಿದೆ. ಕೆನ್ನೆ ನೆಲಕ್ಕೆ ಇಟ್ಟೆ. ನೆಲವೇ ಡೊಂಕು ಕಣೋ. ಕೀಲಿನ ಕಡೆಯಿಂದ ಚಿಲಕದ ಕಡೆಗೆ ಏರಿದೆ. ಇಷ್ಟು ವರ್ಷ ಈ ನೆಲದ ಮೇಲೆ ಓಡಾಡಿದ್ದೀನಿ, ನನಗೆ ಗೊತ್ತಿರ್ಲಿಲ್ಲ.

ನಿನ್ನ ಗೆರೆಯವರೆಗೇ ಕೀಸಿದೆ. ಗೆರೆ ತಿನ್ನಲಿಲ್ಲ, ಗೆರೆ ಉಳಿಸಿ ಕೀಸಬೇಕು ಅಂತ ಮೇಸ್ತ್ರಿ ಇಬ್ರಿಗೂ ತಲೆ ಮೊಟಕಿ ಕಲಿಸಿದ್ದಲ್ವಾ. ಬಾಗಿಲ ಕೆಳಗೆ ಬೆಣೆ ಕೊಟ್ಟು ಎತ್ತರಿಸಿ, ಅಮ್ಮನ ಹತ್ರ ಹಿಡಿಸಿ ಕೀಲಿಗೆ ಹಾಕಿದೆ. ಅಮ್ಮ ಒಂದು, ಎರಡು, ಮೂರು ಅಂತ ಎಣಿಸಿದ್ಳು. ಮೂರಕ್ಕೇ ಎತ್ತಿದೆ.

ಹಾಕಿ ನೋಡಿದ್ವಿ. ಉಜ್ಜಲಿಲ್ಲ. ಟಕ್ ಅಂತ ಕೂತಿತು. ಮನೆ ಇದ್ದಕ್ಕಿದ್ದ ಹಾಗೆ ಎಷ್ಟು ಸುಮ್ನಾಯ್ತು ಅಂದ್ರೆ ಅಮ್ಮ ಇನ್ನೊಂದು ಸಲ ತೆಗೆದು ಹಾಕಿದ್ಳು. ಹಗ್ಗ ಬಿಚ್ಚಿ ತಗೊಂಡು ಹೋಗಿ ಬಟ್ಟೆ ಒಣಗಿಸೋಕೆ ಕಟ್ಟಿದ್ಳು.

ನೀನು ಇದ್ದಿದ್ರೆ ಅರ್ಧ ಹೊತ್ತಿನ ಕೆಲಸ.

ಮಾರ್ಚ್ ೩೦, ಶನಿವಾರ, ಬೆಳಗ್ಗೆ

ಅಮ್ಮ ಮುಂದೆ ಹೋದ್ಳು, ನಿನ್ನ ಅಜ್ಜಿಗೆ ಆ ಮೆಟ್ಟಿಲು ಹತ್ತೋಕೆ ಕೈ ಕೊಡಬೇಕಂತೆ. ಇವರಿಬ್ರೂ ಯಾವಾಗ ಮಾತಾಡ್ಕೊಂಡ್ರೋ. ಇದುವರೆಗೂ ನನಗೊಂದು ಮಾತು ಹೇಳಿಲ್ಲ.

ಅಂಗಿ ಗುಂಡಿ ನಾನೇ ಹಾಕ್ಕೊಂಡೆ. ಒಂದು ಮೇಲೆ ಒಂದು ಕೆಳಗಾಗಿತ್ತು, ಬಿಚ್ಚಿ ಮತ್ತೆ ಹಾಕ್ಕೊಂಡೆ. ನೀನು ನೋಡಿದ್ರೆ ಮೊದಲು ಅದನ್ನೇ ಹೇಳಿ ನಗ್ತಿದ್ದೆ.

ಮೆಟ್ಟಿಲ ಮೇಲೆ ನಿಂತು ನೋಡಿದೆ, ಟ್ಯಾಂಕ್ ಕೆಳಗೆ ಯಾರೂ ಇಲ್ಲ. ಆಗಲೇ ಕೇಂದ್ರಕ್ಕೆ ಹೋಗಿರ್ತೀಯ. ಬೆಣೆ ಹೊಡೆದ ಕುರ್ಚಿ ಮೇಲೆ ಕೂತಿರ್ತೀಯ. ಕೂತ ತಕ್ಷಣ ಕೈ ಹಾಕಿ ಕಾಲು ತಡವಿ ನೋಡಿರ್ತೀಯ, ಯಾರು ಹೊಡೆದಿದ್ದು ಅಂತ ನಿನಗೆ ಯಾರೂ ಹೇಳಬೇಕಾಗಿಲ್ಲ.

ಕೇಳ್ತೀನಿ ನಿನ್ನ. ತಿರುಗಿದಾಗ ನಾನು ಅಂತ ಗೊತ್ತಿತ್ತಾ ಅಂತ. ಸುಳ್ಳು ಹೇಳಬೇಡ. ನನ್ನ ಸಮಾಧಾನಕ್ಕೆ ಅಂತ ಏನೂ ಹೇಳಬೇಡ. ನೋಡಿದ್ದೆ ಅಂದ್ರೆ ನಾನೇನು ಮಾಡ್ತೀನೋ ಗೊತ್ತಿಲ್ಲ ಕಣೋ. ಎದ್ದು ಬಂದ್ರೂ ಬಂದೆ, ಬಾಗಿಲ ಹತ್ರದ ಕುರ್ಚಿ ನನ್ನದೇ. ಆದ್ರೂ ನಿನ್ನ ದನಿ ಕೇಳಿ ಎಷ್ಟು ದಿನ ಆಯ್ತೋ.

ಮೇಡಂ ಹೇಳಿದ ಪುಟ ಆಯ್ತು. ಇದನ್ನ ದಿಂಬಿನ ಕೆಳಗಿಟ್ಟು ಹೊರಟೆ. ಬಾಗಿಲು ಈಗ ಎತ್ತಬೇಕಾಗಿಲ್ಲ, ಒದೀಬೇಕಾಗಿಲ್ಲ, ಒಂದು ಬೆರಳು ಸಾಕು. ಕಿರುಬೆರಳನ್ನೇ ಚಿಲಕಕ್ಕೆ ಸಿಕ್ಕಿಸಿ ನೋಡ್ತೀನಿ. ಎಳ್ಕೊಂಡು ಹೋಗ್ತೀನಿ.